ಆಗುಂಬೆಯೋ, ಕುದುರೆಮುಖವೋ?

ಮಳೆ ನೋಡಬೇಕು ಅಂದ್ರೆ ಆಗುಂಬೆಗೇ ಹೋಗಿ. ವರ್ಷಕ್ಕೆ 7,000 ಮಿ.ಮೀ.ಗಿಂತ ಜಾಸ್ತಿ ಸುರಿಯುತ್ತದೆ. ಊರು ಪುಟ್ಟದು, ಸುತ್ತ ದಟ್ಟ ಕಾಡು. ಕಾಳಿಂಗ ಸರ್ಪಕ್ಕೆ ಹೆಸರಾದ ಈ ಕಾಡಿನಲ್ಲೇ 2005ರಲ್ಲಿ ಹಾವು ತಜ್ಞ ರೋಮುಲಸ್ ವಿಟೇಕರ್ ಮಳೆಕಾಡು ಸಂಶೋಧನಾ ಕೇಂದ್ರ ಶುರು ಮಾಡಿದರು. ಸೂರ್ಯಾಸ್ತ ಬೇಕಿದ್ದರೆ ಮಾತ್ರ ಚಳಿಗಾಲಕ್ಕೆ ಬನ್ನಿ. ಮೋಡವಿಲ್ಲದ ಸಂಜೆ ಅರಬ್ಬೀ ಸಮುದ್ರವೂ ಕಾಣುತ್ತದೆ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ಇದೇ ಸರಿ. ಜಾಸ್ತಿ ನಡೆಯಬೇಕಿಲ್ಲ.

ಕಾಲಿಗೆ ಕಸುವಿದ್ದರೆ ಕುದುರೆಮುಖ. ಸುಮಾರು 1,890 ಮೀಟರ್ ಎತ್ತರದ ಶಿಖರ, ದಾರಿಯುದ್ದಕ್ಕೂ ಶೋಲಾ ಕಾಡು (ಬೆಟ್ಟದ ಕಣಿವೆಗಳಲ್ಲಿ ಬೆಳೆಯುವ ಗಿಡ್ಡ ಮರಗಳ ಕಾಡು), ಹಸಿರು ಹುಲ್ಲುಗಾವಲು. ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು. ಕಬ್ಬಿಣದ ಅದಿರಿನ ಗಣಿ ನಿಂತ ಮೇಲೆ ಅಲ್ಲಿನ ಟೌನ್‌ಶಿಪ್ ಬಿಕೋ ಅನ್ನುತ್ತದೆ.

ನಾನಾದರೆ ಜುಲೈಯಲ್ಲಿ ಆಗುಂಬೆಯಲ್ಲೇ ಎರಡು ರಾತ್ರಿ ಉಳಿಯುತ್ತೇನೆ. ಉಂಬಳ (ರಕ್ತ ಹೀರುವ ಜಿಗಣೆ) ಎರಡೂ ಕಡೆ ಇವೆ, ಬಿಡಿಸಲು ಉಪ್ಪು ಜೊತೆಗಿರಲಿ.