750 ರೂಪಾಯಿಯ ಸ್ಕ್ಯಾನರ್, 42,000ದ ಟರ್ಬೋ

ಮೊದಲೇ ಹೇಳಿಬಿಡುತ್ತೇನೆ, ನಾನು ಮೆಕ್ಯಾನಿಕ್ ಅಲ್ಲ. ಬಾನೆಟ್ ಎತ್ತಿದರೆ ವೈಪರ್ ನೀರು ಎಲ್ಲಿ ಹಾಕಬೇಕು, ಆಯಿಲ್ ಕಡ್ಡಿ ಎಲ್ಲಿದೆ, ಅಷ್ಟೇ ಗೊತ್ತು. ಆದರೂ ಗಾಡಿಯ ಕಂಪ್ಯೂಟರ್ ಬರೆದಿಟ್ಟ ತೊಂದರೆಯ ಕೋಡನ್ನು ಫೋನಿನಲ್ಲಿ ತೋರಿಸುವ ಈ ಬ್ಲೂಟೂತ್ ಓಬಿಡಿ ಸ್ಕ್ಯಾನರ್ ಬಗ್ಗೆ ಬರೆಯಲೇಬೇಕು ಅನ್ನಿಸಿತು. ಯಾಕೆಂದರೆ ಆನ್‌ಲೈನಲ್ಲಿ ಇದರ ರಿವ್ಯೂ ನೋಡಿದರೆ ಒಂದೋ "ಸೂಪರ್ ಐಟಂ" ಅಂತ ಒಂದೇ ಸಾಲು, ಇಲ್ಲ "ಕನೆಕ್ಟೇ ಆಗಲ್ಲ, ದುಡ್ಡು ದಂಡ" ಅಂತ ಬೈಗುಳ. ನನಗೆ ಎರಡೂ ಅನುಭವ ಆಗಿದೆ, ಅದೂ ಒಂದೇ ವಾರದಲ್ಲಿ.

ಗಾಡಿ 2011ರದು. 1.3 ಲೀಟರ್ ಡೀಸೆಲ್, 1,64,000 ಕಿಲೋಮೀಟರ್ ಓಡಿದೆ. ಕಂಪನಿ ಹೆಸರು ಬೇಡ, ಅದರದ್ದೇನೂ ತಪ್ಪಿಲ್ಲ. ಕಳೆದ ಕಾರ್ತಿಕದಲ್ಲಿ ದುರ್ಗದಲ್ಲಿ ಚಿಕ್ಕಮ್ಮನ ಮನೆ ಗೃಹಪ್ರವೇಶ ಇತ್ತು. ದಾವಣಗೆರೆಯಿಂದ ಗಾಡಿ ತುಂಬ ಜನ ಹೊರಟೆವು. ಹೆಬ್ಬಾಳು ಟೋಲ್ ದಾಟುವ ತನಕ ಏನೂ ತೊಂದರೆ ಇಲ್ಲ. ಭರಮಸಾಗರ ಕಳೆದು ಏರು ಸಿಕ್ಕಿದ್ದೇ ತಡ, ಮೀಟರಿನಲ್ಲಿ ಹಳದಿ ಇಂಜಿನ್ ಲೈಟ್ ಹತ್ತಿತು, ಗಾಡಿಯ ಕಸುವೇ ಹೋಯಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಅರವತ್ತು ದಾಟಲ್ಲ. ಕನ್ನಡಿಯಲ್ಲಿ ನೋಡಿದರೆ ಹಿಂದೆ ಕರ್ರನೆ ಹೊಗೆ. ಮೆಕ್ಕೆಜೋಳ ತುಂಬಿದ ಲಾರಿಯೊಂದು ಹಾರ್ನ್ ಹೊಡೆದು ನಮ್ಮನ್ನೇ ಹಿಂದೆ ಹಾಕಿತು, ಕ್ಲೀನರ್ ಹುಡುಗ ಕಿಟಕಿಯಿಂದ ಇಣುಕಿ ನಕ್ಕ. ಪಕ್ಕಕ್ಕೆ ನಿಲ್ಲಿಸಿ, ಕೀ ತೆಗೆದು ಮತ್ತೆ ಸ್ಟಾರ್ಟ್ ಮಾಡಿದರೆ ಮೊದಲಿನ ಹಾಗೇ ಓಡುತ್ತದೆ, ಮುಂದಿನ ಏರಿನಲ್ಲಿ ಮತ್ತೆ ಅದೇ ಕಥೆ. ಇದಕ್ಕೆ ಲಿಂಪ್ ಮೋಡ್ ಅನ್ನುತ್ತಾರೆ. ಏನೋ ಸರಿ ಇಲ್ಲ ಅಂತ ಕಂಡಾಗ ಗಾಡಿಯ ಕಂಪ್ಯೂಟರೇ ಇಂಜಿನ್ ಉಳಿಸಿಕೊಳ್ಳಲು ಪವರ್ ಕಡಿಮೆ ಮಾಡಿಬಿಡುತ್ತದೆ. ಗೃಹಪ್ರವೇಶಕ್ಕೆ ಹೋದವರು ಊಟದ ಹೊತ್ತಿಗೆ ತಲುಪಿದೆವು.

ಮರುದಿನ ನಮ್ಮೂರಿನ ಒಂದು ದೊಡ್ಡ ವರ್ಕ್‌ಶಾಪಿಗೆ ಒಯ್ದೆ. ಹೆಸರು ಹೇಳಲ್ಲ. ಎಸಿ ರೂಮು, ಕಾಫಿ ಮಷಿನ್, ಎಲ್ಲಾ ಇದೆ. ಹುಡುಗ ಲ್ಯಾಪ್‌ಟಾಪ್ ಚುಚ್ಚಿ ಹತ್ತು ನಿಮಿಷದಲ್ಲಿ "ಸಾರ್, ಟರ್ಬೋ ಹೋಗಿದೆ" ಅಂದ. ಟರ್ಬೋ ಅಂದರೆ ಇಂಜಿನ್ನಿಗೆ ಒತ್ತಡದಲ್ಲಿ ಗಾಳಿ ತುಂಬುವ ಫ್ಯಾನ್. ಎಸ್ಟಿಮೇಟ್ 42,000, ಕೂಲಿ ಬೇರೆ. ಬಾನೆಟ್ ಎತ್ತಿದ್ದನ್ನೇ ನಾನು ನೋಡಲಿಲ್ಲ. ಏನು ಕೋಡ್ ಬಂತಪ್ಪಾ ಅಂತ ಕೇಳಿದರೆ "ಅದು ನಿಮಗೆ ಅರ್ಥ ಆಗಲ್ಲ ಸಾರ್, ಕ್ಲಿಯರ್ ಮಾಡಿದೀನಿ" ಅಂದ! ಮಾರಿದರೆ ಎರಡು ಲಕ್ಷ ಬರುವುದೂ ಕಷ್ಟ ಇರುವ ಗಾಡಿಗೆ 42,000. ಮನೆಯಲ್ಲಿ ಎರಡು ದಿನ ಇದೇ ಮಾತು.

ಆ ಸಿಟ್ಟಿನಲ್ಲೇ ಈ ಸ್ಕ್ಯಾನರ್ ತರಿಸಿದ್ದು. 750 ರೂಪಾಯಿ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ನೀಲಿ ಪ್ಲಾಸ್ಟಿಕ್, ಡಬ್ಬಿಯ ಮೇಲೆ ಇಎಲ್‌ಎಂ 327 ಅಂತ ಬರೆದಿರುತ್ತದೆ. ಅಸಲಿ ಇಎಲ್‌ಎಂ 327 ಕೆನಡಾದ ಒಂದು ಕಂಪನಿ ಮಾಡುತ್ತಿದ್ದ ಚಿಪ್, ಈ ಬೆಲೆಗೆ ಸಿಗುವುದೆಲ್ಲ ಅದರ ನಕಲು. ನಕಲಿನಲ್ಲೂ ಜಾತಿಗಳಿವೆ. ವರ್ಷನ್ 2.1 ಅಂತ ಹಾಕಿರುವ ಎಷ್ಟೋ ಪೀಸುಗಳು ಹಳೆಯ ಗಾಡಿಗಳ ಭಾಷೆ ಪೂರ್ತಿ ಮಾತಾಡಲ್ಲ. ನನಗೆ ಮೊದಲು ಬಂದದ್ದೂ ಅದೇ. ಫೋನಿಗೆ ಕನೆಕ್ಟ್ ಆಯಿತು, ಗಾಡಿಗೆ ಆಗಲಿಲ್ಲ, ಅರ್ಧ ಗಂಟೆ ಸುಮ್ನೆ ಸುತ್ತುತ್ತಾ ಕೂತಿತು. ವಾಪಸ್ ಕಳಿಸಿ 1.5 ಅಂತ ಇರುವುದನ್ನು ತರಿಸಿದೆ, ಅದು ಕೂಡಲೇ ಹಿಡಿಯಿತು. ನಂಬರ್ ಜಾಸ್ತಿ ಇದ್ದರೆ ಹೊಸದು, ಒಳ್ಳೆಯದು ಅಂದುಕೊಂಡರೆ ಮೋಸ ಹೋಗುತ್ತೀರಿ. ಇನ್ನೊಂದು, ಐಫೋನ್ ಇದ್ದವರು ಸಾದಾ ಬ್ಲೂಟೂತಿನದು ತಗೊಳ್ಳಬೇಡಿ, ಅದಕ್ಕೆ ವೈಫೈದು ಅಥವಾ ಲೋ ಎನರ್ಜಿ ಬ್ಲೂಟೂತಿನದೇ ಬೇಕು. ಆಂಡ್ರಾಯ್ಡಿಗೆ ತೊಂದರೆ ಇಲ್ಲ. ಪಿನ್ ಕೇಳಿದರೆ 1234, ಅದು ಆಗದಿದ್ದರೆ 0000.

ಚುಚ್ಚುವ ಜಾಗ ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ ಇರುತ್ತದೆ, 16 ಪಿನ್ನಿನ ಸಾಕೆಟ್. ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ ಕನೆಕ್ಟ್ ಮಾಡಿದೆ. ಕೋಡ್ ಏನೂ ಇಲ್ಲ. ಇರುವುದಾದರೂ ಹೇಗೆ, ಆ ಹುಡುಗ ಅಳಿಸಿಬಿಟ್ಟಿದ್ದನಲ್ಲ. ಆನಗೋಡಿನ ಕಡೆ ಒಂದು ಸುತ್ತು ಓಡಿಸಿದ ಮೇಲೆ ಲೈಟ್ ಹತ್ತಿತು, ಈ ಸಲ ಲೈಟ್ ಹತ್ತಿದ್ದಕ್ಕೆ ಖುಷಿಯಾಯಿತು. ಪಿ 0299. ಟರ್ಬೋ ಒತ್ತಡ ಬೇಕಾದಷ್ಟು ಬರುತ್ತಿಲ್ಲ ಅಂತ ಅದರ ಅರ್ಥ.

ಆ ಕೋಡ್ ಇಂಜಿನ್ನಿಗೆ ಗಾಳಿ ಸಾಲುತ್ತಿಲ್ಲ ಅಂತ ಹೇಳುತ್ತದೆ, ಟರ್ಬೋ ಹೋಗಿದೆ ಅಂತ ಎಲ್ಲೂ ಹೇಳಲ್ಲ. ಏರ್ ಫಿಲ್ಟರ್ ಕಟ್ಟಿದ್ದರೂ ಇದೇ ಕೋಡ್ ಬರಬಹುದು. ಟರ್ಬೋದಿಂದ ಬರುವ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರಿನ ಪೈಪ್ ಹರಿದಿದ್ದರೂ ಅದೇ, ಟರ್ಬೋ ಒತ್ತಡ ಮಿತಿಯಲ್ಲಿಡುವ ವೇಸ್ಟ್‌ಗೇಟ್ ತೆರೆದೇ ಸಿಕ್ಕಿಕೊಂಡಿದ್ದರೂ, ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿಗೆ ಮಸಿ ಹಿಡಿದಿದ್ದರೂ, ಹೊಗೆಯ ಒಂದು ಪಾಲನ್ನು ಇಂಜಿನ್ನಿಗೆ ವಾಪಸ್ ಬಿಡುವ ಇಜಿಆರ್ ವಾಲ್ವ್ ಸರಿಯಾಗಿ ಮುಚ್ಚದಿದ್ದರೂ ಅದೇ. ಟರ್ಬೋ ನಿಜವಾಗಿ ಸವೆದಿದ್ದರೂ ಅದೇ, ಆದರೆ ಅದನ್ನು ಕೊನೆಗೆ ನೋಡಬೇಕು, ಎಲ್ಲಕ್ಕಿಂತ ದುಬಾರಿ ಅದೇ ಅಲ್ವಾ.

ಕೋಡ್ ಓದುವ ಕೆಲಸ ಎಲ್ಲಾ ಸ್ಕ್ಯಾನರೂ ಮಾಡುತ್ತದೆ. ನನಗೆ 750 ರೂಪಾಯಿ ವಸೂಲಾಗಿದ್ದು ಲೈವ್ ಡಾಟಾದಲ್ಲಿ. ಆ್ಯಪಿನಲ್ಲಿ ಮ್ಯಾಪ್ ಸೆನ್ಸರಿನ ಅಂಕಿ ತೆರೆದು, ಇಂಜಿನ್ ಆಫ್ ಇಟ್ಟು, ಬರೀ ಕೀ ಆನ್ ಮಾಡಿ ನೋಡಿ. ಆಗ ಅದು ಹೊರಗಿನ ಗಾಳಿಯ ಒತ್ತಡ ತೋರಿಸಬೇಕು. ಸಮುದ್ರದ ಪಕ್ಕ ಇರುವ ಮಂಗಳೂರಿನಲ್ಲಿ ಸುಮಾರು 101 ಕಿಲೋಪಾಸ್ಕಲ್. ನಮ್ಮ ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ 94ರ ಆಸುಪಾಸು ಬರಬೇಕು. ನನ್ನ ಗಾಡಿಯಲ್ಲಿ 94 ಬಂತು. ಹಾಗಾದರೆ ಸೆನ್ಸರ್ ಸುಳ್ಳು ಹೇಳುತ್ತಿಲ್ಲ, ಒಂದು ಅನುಮಾನ ಕಳೆಯಿತು. ಆಮೇಲೆ ಭಾಮೈದನನ್ನು ಪಕ್ಕದಲ್ಲಿ ಫೋನ್ ಕೊಟ್ಟು ಕೂರಿಸಿಕೊಂಡು (ಓಡಿಸುವವರು ಫೋನ್ ನೋಡಬೇಡಿ, ದಯವಿಟ್ಟು) ಹೈವೇಯಲ್ಲಿ ನಾಲ್ಕನೇ ಗೇರಿನಲ್ಲಿ ಪೂರ್ತಿ ಒತ್ತಿದೆ. ಅವನು ಕಾಮೆಂಟರಿ ಹೇಳಿದ ಹಾಗೆ ಓದುತ್ತಾ ಹೋದ: "ನೂರು... ನೂರಾ ಹತ್ತು... ನೂರಾ ಹದಿನೆಂಟು... ಹದಿನೆಂಟು... ಭಾವ, ಅಲ್ಲೇ ನಿಂತೈತಿ." ಇಂಥ ಟರ್ಬೋ ಡೀಸೆಲಿನಲ್ಲಿ ಅದು 200ರ ಹತ್ತಿರ ಹೋಗಬೇಕು. ಟರ್ಬೋ ಸುತ್ತುವ ಶಿಳ್ಳೆ ಮಾತ್ರ ಕೇಳುತ್ತಿದೆ, ಅದರ ಜೊತೆ ಬಾನೆಟ್ ಒಳಗಿಂದ ಹುಸ್ಸ್ ಅಂತ ಇನ್ನೊಂದು ಸದ್ದು. ಗಾಳಿ ಹುಟ್ಟುತ್ತಿದೆ, ಇಂಜಿನ್ನಿಗೆ ಸೇರುತ್ತಿಲ್ಲ.

ಈ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು, ಪಿ.ಬಿ. ರಸ್ತೆಯಿಂದ ಒಳಗೆ ಒಂದು ತಗಡಿನ ಶೆಡ್ಡಿನಲ್ಲಿ ಡೀಸೆಲ್ ಕೆಲಸ ಮಾಡುವ ಮೇಸ್ತ್ರಿ ಹತ್ತಿರ ಹೋದೆ. ಅವರು ಚೀಟಿ ನೋಡಲೇ ಇಲ್ಲ. "ಹೊಗಿ ಯಾವ ಬಣ್ಣ ಬರ್ತೈತ್ರಿ?" ಅಂದರು. ಕಪ್ಪು ಅಂದೆ. "ಟರ್ಬೋ ಆಯಿಲ್ ಕುಡಿದ್ರೆ ನೀಲಿ ಬರ್ತೈತ್ರಿ. ಕರ್ರಗ ಬಂದ್ರ ಡೀಸೆಲ್ಲಿಗೆ ಗಾಳಿ ಸಾಲವಲ್ದು ಅಂತ." ಟರ್ಬೋದ ಮುಂದಿನ ಪೈಪ್ ಬಿಚ್ಚಿ ಎರಡು ಬೆರಳು ಒಳಗೆ ಹಾಕಿ ಫ್ಯಾನ್ ಅಲ್ಲಾಡಿಸಿದರು, ನನಗೂ ಅಲ್ಲಾಡಿಸಿ ನೋಡಲು ಹೇಳಿದರು. ಅಕ್ಕಪಕ್ಕಕ್ಕೆ ಕೂದಲೆಳೆಯಷ್ಟು ಆಡುತ್ತದೆ, ಅದು ಪರವಾಗಿಲ್ಲವಂತೆ. ಹಿಂದೆ ಮುಂದೆ ಎಳೆದರೆ ಆಡಬಾರದು, ರೆಕ್ಕೆ ಗೋಡೆಗೆ ತಾಗಬಾರದು. ಎರಡೂ ಇಲ್ಲ. "ಇದ್ನ ಬಿಚ್ಚಿ ಒಗೀತೀನಿ ಅಂದ್ರಾ?" ಅಂತ ಕೇಳಿ ತಲೆ ಅಲ್ಲಾಡಿಸಿದರು.

ಆಮೇಲೆ ಮಾಡಿದ್ದು ಪಂಕ್ಚರ್ ಅಂಗಡಿಯ ಕೆಲಸ. ಪಿವಿಸಿ ಪೈಪಿನ ಮುಚ್ಚಳಕ್ಕೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿದ್ದರು, ಅದನ್ನು ಟರ್ಬೋ ಬಾಯಿಗೆ ಕ್ಲಿಪ್ಪಿನಿಂದ ಬಿಗಿದು ಸೈಕಲ್ ಪಂಪಿನಲ್ಲಿ ನಿಧಾನ ಗಾಳಿ ಹೊಡೆದರು. ಹುಡುಗ ಪೈಪುಗಳ ಮೇಲೆಲ್ಲ ಸೋಪಿನ ನೀರು ಬಳಿದ. ಟರ್ಬೋದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಪೈಪಿನ ಹೊಟ್ಟೆಯ ಕೆಳಗೆ, ಮೇಲಿಂದ ಬಗ್ಗಿ ನೋಡಿದರೂ ಕಾಣದ ಜಾಗದಲ್ಲಿ, ಗುಳುಗುಳು ಅಂತ ನೊರೆ ಎದ್ದಿತು. ಬಿಚ್ಚಿ ತೆಗೆದು ಕೈಯಲ್ಲಿ ಹಿಡಿದರೆ ಏನೂ ಇಲ್ಲದ ಹಾಗೆ ಕಾಣುತ್ತದೆ. ಎರಡೂ ತುದಿ ಹಿಡಿದು ಬಗ್ಗಿಸಿದರೆ ನಾಲ್ಕು ಬೆರಳುದ್ದ ಬಾಯಿ ಬಿಡುತ್ತದೆ, ಸುತ್ತ ಎಣ್ಣೆ ಜಿಡ್ಡು. ಒಂದು ಬ್ರಾಕೆಟ್ಟಿಗೆ ತಿಕ್ಕಿ ತಿಕ್ಕಿ ಸೀಳಿದೆ. ಗಾಡಿ ನಿಂತಲ್ಲೇ ಸ್ಟಾರ್ಟಿನಲ್ಲಿದ್ದಾಗ ಒತ್ತಡವೇ ಇರಲ್ಲ, ಸೀಳು ಮುಚ್ಚಿಕೊಂಡೇ ಇರುತ್ತದೆ. ಏರಿನಲ್ಲಿ ಒತ್ತಿದಾಗ ಮಾತ್ರ ತೆರೆಯುತ್ತದೆ. ಲ್ಯಾಪ್‌ಟಾಪ್ ಹುಡುಗನಿಗೆ ಸಿಗದಿದ್ದದ್ದು ಅದಕ್ಕೇ, ಆದರೂ ಅವನು ಹುಡುಕಲೂ ಇಲ್ಲ, ಅದು ನನ್ನ ತಕರಾರು.

ಏರ್ ಫಿಲ್ಟರ್ ಡಬ್ಬಿ ಬಿಚ್ಚಿದರೆ ಇನ್ನೊಂದು ತಮಾಷೆ. ರಸ್ತೆ ಮೇಲೆ ಒಣಹಾಕುವ ಮೆಕ್ಕೆಜೋಳದ ಹೊಟ್ಟು, ಧೂಳು, ಎಲ್ಲಾ ಸೇರಿ ಫಿಲ್ಟರ್ ಕಂಬಳಿಯ ಹಾಗಾಗಿತ್ತು. ಈ ಭಾಗದಲ್ಲಿ ಓಡಿಸುವವರು ಸುಗ್ಗಿ ಮುಗಿದ ಮೇಲೆ ಒಮ್ಮೆ ತೆಗೆದು ನೋಡಿ, ಸರ್ವಿಸ್ ಬುಕ್ಕಿನ ಲೆಕ್ಕ ನಂಬಬೇಡಿ.

ಪೈಪ್ 2,400, ಫಿಲ್ಟರ್ 350, ಕೂಲಿ 600. ಒಟ್ಟು 3,350. ಪೈಪ್ ಊರಲ್ಲಿ ಸಿಗದೆ ಬೆಂಗಳೂರಿಂದ ಬರಲು ಎರಡು ದಿನ ಅಂದರು, ನಾಲ್ಕು ದಿನ ಆಯಿತು. ಮೇಸ್ತ್ರಿಯ ಮೇಲೂ ದೂರು ಇಲ್ಲದೆ ಇಲ್ಲ. ಬಿಲ್ ಕೊಡಲ್ಲ, ಫೋನ್ ಎತ್ತಲ್ಲ, ಸೀಟಿನ ಮೇಲೆ ಗ್ರೀಸಿನ ಐದು ಬೆರಳು ಇನ್ನೂ ಇದೆ. ಕೂರಲು ಒಂದು ಹಳೇ ಟೈರು. ಆದರೆ ಬಿಚ್ಚಿದ ಪೈಪನ್ನು ಕೇಳದೆಯೇ ಕೈಗಿಟ್ಟರು.

ರಿಪೇರಿ ಆದ ಮೇಲೆ ಅದೇ ಹೈವೇ, ಅದೇ ನಾಲ್ಕನೇ ಗೇರು, ಅದೇ ಭಾಮೈದ. ಈ ಸಲ 208. ಕೋಡ್ ಅಳಿಸಿದೆ, ಮತ್ತೆ ಲೈಟ್ ಹತ್ತಿಲ್ಲ. ಅಂದಹಾಗೆ ಅಳಿಸುವ ಮುಂಚೆ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ತೊಂದರೆ ಆದ ಗಳಿಗೆಯಲ್ಲಿ ಸ್ಪೀಡ್ ಎಷ್ಟಿತ್ತು, ಆರ್‌ಪಿಎಂ ಎಷ್ಟಿತ್ತು ಅನ್ನುವುದನ್ನು ಎಷ್ಟೋ ಗಾಡಿಗಳು ನೆನಪಿಟ್ಟಿರುತ್ತವೆ, ಕೋಡ್ ಅಳಿಸಿದರೆ ಅದೂ ಹೋಗುತ್ತದೆ.

ಸ್ಕ್ಯಾನರಿಗೆ 5ರಲ್ಲಿ ಮೂರೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಮೊದಲ ಪೀಸಿಗೆ. ಇನ್ನೊಂದು ಕಳೆದದ್ದು ಬ್ಯಾಟರಿಗೆ: ಆ ಸಾಕೆಟ್ಟಿಗೆ ಕೀ ಆಫ್ ಇದ್ದರೂ ಕರೆಂಟ್ ಬರುತ್ತಲೇ ಇರುತ್ತದೆ, ನಾನು ಚುಚ್ಚಿದ್ದನ್ನು ಮರೆತು ಎಂಟು ದಿನ ಊರಿಗೆ ಹೋಗಿ ಬಂದರೆ ಗಾಡಿ ಸೆಲ್ಫೇ ಎತ್ತಲಿಲ್ಲ, ಓಣಿಯವರೆಲ್ಲ ಸೇರಿ ತಳ್ಳಬೇಕಾಯಿತು. ಎಬಿಎಸ್, ಏರ್‌ಬ್ಯಾಗ್ ಲೈಟುಗಳನ್ನು ಇದು ಸಾಮಾನ್ಯವಾಗಿ ಓದಲ್ಲ, ಅದಕ್ಕೆ ದೊಡ್ಡ ಸ್ಕ್ಯಾನರೇ ಬೇಕು. ತೀರಾ ಹಳೆಯ ಡೀಸೆಲ್ ಗಾಡಿಗಳಲ್ಲಿ ಸಾಕೆಟ್ ಇದ್ದರೂ ಡಾಟಾ ಬರುತ್ತದೆ ಅಂತ ಗ್ಯಾರಂಟಿ ಇಲ್ಲ, ಕೊಳ್ಳುವ ಮುಂಚೆ ಅದೇ ಗಾಡಿ ಇರುವ ಯಾರದ್ದಾದರೂ ಸ್ಕ್ಯಾನರ್ ಇಸಿದುಕೊಂಡು ಒಮ್ಮೆ ಹಾಕಿ ನೋಡಿ.

ನನ್ನದನ್ನು ಕೇಳಬೇಡಿ. ಭಾಮೈದ ಎರಡು ದಿನಕ್ಕೆ ಅಂತ ಹರಿಹರಕ್ಕೆ ಒಯ್ದವನು ಇನ್ನೂ ವಾಪಸ್ ಕೊಟ್ಟಿಲ್ಲ, ಅವನ ಗಾಡಿಗೆ ಅದು ಕನೆಕ್ಟೂ ಆಗಿಲ್ಲವಂತೆ.