ಆರು ವರ್ಷ ಒಂದೇ ಪ್ರೈಮರ್: ಫೆಡರಲ್ 210ಎಂ ಬಳಸಿದ ಅನುಭವ

.308 ವಿಂಚೆಸ್ಟರ್ ರೈಫಲ್‌ಗೆ ಬೇಕಾದ ಕಾಡತೂಸುಗಳನ್ನು ನಾನೇ ತುಂಬಿಕೊಳ್ಳಲು ಆರಂಭಿಸಿ ಎಂಟು ವರ್ಷಗಳಾದವು. ಕಳೆದ ಆರು ವರ್ಷಗಳಿಂದ ಪಂದ್ಯಕ್ಕೆ ಒಯ್ಯುವ ಕಾಡತೂಸುಗಳಿಗೆಲ್ಲ ಫೆಡರಲ್ ಗೋಲ್ಡ್ ಮೆಡಲ್ 210ಎಂ ಪ್ರೈಮರನ್ನೇ, ಅಂದರೆ ಕಾಡತೂಸಿನ ಬುಡದಲ್ಲಿ ಕೂತು ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಭಾಗವನ್ನೇ, ಬಳಸುತ್ತಿದ್ದೇನೆ. ಅದನ್ನು ಬಿಡುವ ಯೋಚನೆ ನನಗಿಲ್ಲ.

ಮೊದಲ ಎರಡು ವರ್ಷ ನನ್ನ ಗಮನವೆಲ್ಲ ಮದ್ದಿನ ತೂಕ, ಗುಂಡಿನ ಆಯ್ಕೆ, ಹಿತ್ತಾಳೆ ಕೇಸಿನ ಉದ್ದದ ಮೇಲಿತ್ತು. ಪ್ರೈಮರ್ ಮಾತ್ರ ಕೈಗೆ ಸಿಕ್ಕಿದ್ದು. 100 ಗಜದಲ್ಲಿ ಗುಂಡುಗಳು ಒಂದರ ಪಕ್ಕ ಒಂದು ಬೀಳುತ್ತಿದ್ದವು. 600 ಗಜಕ್ಕೆ ಹೋದ ದಿನ ಅವೇ ಕಾಡತೂಸುಗಳು ಗುರಿಫಲಕದಲ್ಲಿ ಮೇಲೆ ಕೆಳಗೆ ಚದುರಿದವು. ಗಾಳಿ ಗುಂಡನ್ನು ಮುಖ್ಯವಾಗಿ ಪಕ್ಕಕ್ಕೆ ತಳ್ಳುತ್ತದೆ. ಹೀಗೆ ಲಂಬವಾಗಿ ಚದುರಿದರೆ ಮೊದಲು ವೇಗವನ್ನು ಅನುಮಾನಿಸಬೇಕು. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟು ನೋಡಿದೆ. ಹತ್ತು ಗುಂಡುಗಳಲ್ಲಿ ಅತಿ ವೇಗದ್ದಕ್ಕೂ ಅತಿ ನಿಧಾನದ್ದಕ್ಕೂ ಸೆಕೆಂಡಿಗೆ 18 ಮೀಟರ್ ಅಂತರವಿತ್ತು. 600 ಗಜದಲ್ಲಿ ಅದು ಅರ್ಧ ಗೇಣಿಗೂ ಹೆಚ್ಚು ಎನ್ನುವಷ್ಟು ಏರಿಳಿತ.

ಪ್ರೈಮರ್ ಎಂದರೆ ಒಂದು ಪುಟ್ಟ ಲೋಹದ ಬಟ್ಟಲು. ಅದರೊಳಗೆ ಚಿಟಿಕೆಗಿಂತ ಕಡಿಮೆ ಸ್ಫೋಟಕ ಮಿಶ್ರಣ, ಅದರ ಮೇಲೊಂದು ಮೂರು ಅಥವಾ ಎರಡು ಕಾಲಿನ ಅಡಿಗಲ್ಲು, ಅಂದರೆ ಏಟಿಗೆ ಎದುರು ನಿಲ್ಲುವ ಲೋಹದ ತುಣುಕು. ಫೈರಿಂಗ್ ಪಿನ್ ಬಡಿದಾಗ ಮಿಶ್ರಣ ಬಟ್ಟಲಿಗೂ ಅಡಿಗಲ್ಲಿಗೂ ನಡುವೆ ಸಿಕ್ಕಿ ಸಿಡಿಯುತ್ತದೆ; ಕಿಡಿ ಸಣ್ಣ ರಂಧ್ರದ ಮೂಲಕ ಮದ್ದಿಗೆ ತಲುಪುತ್ತದೆ. ಈ ಜ್ವಾಲೆ ಪ್ರತಿ ಸಲವೂ ಒಂದೇ ಬಗೆಯಲ್ಲಿ ಹೊತ್ತಿಕೊಳ್ಳಬೇಕು. ಎಷ್ಟು ಜೋರು ಎನ್ನುವುದಕ್ಕಿಂತ ಎಷ್ಟು ಏಕರೂಪ ಎನ್ನುವುದೇ ಗುರಿಕಾರನಿಗೆ ಮುಖ್ಯ.

ಅದೇ ಕೇಸು, ಅದೇ ಗುಂಡು ಇಟ್ಟುಕೊಂಡು ನಾಲ್ಕು ಬಗೆಯ ಪ್ರೈಮರ್‌ಗಳನ್ನು ಒಂದೇ ಬೆಳಿಗ್ಗೆ ಇಪ್ಪತ್ತಿಪ್ಪತ್ತು ಹೊಡೆದು ಅಳೆದೆ. ಪ್ರೈಮರ್ ಬದಲಿಸಿದರೆ ಒತ್ತಡವೂ ಬದಲಾಗುತ್ತದೆ. ಹಾಗಾಗಿ ಪ್ರತಿ ಬಗೆಗೂ ಮದ್ದನ್ನು ಇಳಿಸಿ, ತಯಾರಕರ ಕೈಪಿಡಿಯ ಮಿತಿಯೊಳಗೆ ಮೆಲ್ಲಗೆ ಏರಿಸುತ್ತ ಬಂದಿದ್ದೆ. ಇದನ್ನು ಯಾರೂ ತಪ್ಪಿಸಬಾರದು. ನನ್ನ ರೈಫಲ್‌ನಲ್ಲಿ 210ಎಂ ಅತ್ಯಂತ ಸಮನಾದ ವೇಗ ಕೊಟ್ಟಿತು. ಸಿಸಿಐ ಕಂಪನಿಯ ಬಿಆರ್-2 ಅದರ ಬೆನ್ನಿಗೇ ಇತ್ತು. ಅದೊಂದೇ ಸಿಗುವ ದಿನ ಬಂದರೆ ಸಂತೋಷದಿಂದ ಬಳಸುತ್ತೇನೆ. ಹೆಚ್ಚು ಜೋರಾದ ಜ್ವಾಲೆಯ ಮ್ಯಾಗ್ನಂ ಪ್ರೈಮರ್ ವೇಗವನ್ನೂ ಏರಿಸಿತು, ಏರಿಳಿತವನ್ನೂ ಹೆಚ್ಚಿಸಿತು. ದೊಡ್ಡ ಕೇಸಿನ ಭಾರೀ ಮದ್ದಿಗೆ, ಕೊರೆಯುವ ಚಳಿಗೆ ಅದು ಬೇಕಾಗುತ್ತದೆ; ನನ್ನ ಕೆಲಸಕ್ಕೆ ಅಲ್ಲ.

ಆದರೂ ಪ್ರೈಮರ್ ಕೊಂಡರಷ್ಟೇ ಸಾಲದು, ಕೂರಿಸುವುದೂ ಬರಬೇಕು. ಮೂರನೇ ವರ್ಷದ ಒಂದು ಪಂದ್ಯದಲ್ಲಿ ಎರಡು ಕಾಡತೂಸುಗಳು ಹಾರಲಿಲ್ಲ. ರೇಂಜ್ ಅಧಿಕಾರಿಯ ನಿಯಮದಂತೆ ನಳಿಕೆಯನ್ನು ಗುರಿಯತ್ತಲೇ ಹಿಡಿದು ಕಾದೆ. ಅನುಮತಿ ಪಡೆದು ಮತ್ತೆ ಹೊಡೆದಾಗ ಎರಡೂ ಸಿಡಿದವು. ಎರಡನೇ ಏಟಿಗೆ ಸಿಡಿದರೆ, ಪ್ರೈಮರ್ ತಳ ಮುಟ್ಟಿರಲಿಲ್ಲ ಎಂದೇ ಬಹುಮಟ್ಟಿಗೆ ಅರ್ಥ: ಮೊದಲ ಏಟಿನ ಬಲವೆಲ್ಲ ಅದನ್ನು ಒಳಗೆ ದೂಡುವುದಕ್ಕೇ ಖರ್ಚಾಗಿರುತ್ತದೆ. ತಪ್ಪು ನನ್ನ ಕೈಯದು. ಅಂದಿನಿಂದ ಪ್ರೈಮರ್ ಕೂರಿಸಲು ಕಾಡತೂಸು ತುಂಬುವ ಪ್ರೆಸ್ ಬಿಟ್ಟು, ಕೈಯಲ್ಲಿ ಹಿಡಿಯುವ ಪ್ರೈಮಿಂಗ್ ಉಪಕರಣಕ್ಕೆ ಬಂದೆ. ಸನ್ನೆಯನ್ನು ಒತ್ತಿದಾಗ ಮೊದಲು ಜಾರುವ ಬಿಗಿ, ಆಮೇಲೆ ಅಡಿಗಲ್ಲಿನ ಕಾಲುಗಳು ತಳ ಮುಟ್ಟಿದ ಗಟ್ಟಿತನ, ಅದರ ಮೇಲೆ ಕೂದಲೆಳೆಯಷ್ಟು ಒತ್ತಡ: ಮೂರೂ ಬೆರಳಿಗೆ ತಿಳಿಯುತ್ತವೆ. ಕೂತ ಪ್ರೈಮರ್ ಕೇಸಿನ ಹಿಂಬದಿಗಿಂತ ಇಂಚಿನ ಸಾವಿರದಲ್ಲಿ ಮೂರರಿಂದ ಐದು ಪಾಲು ಒಳಗಿರಬೇಕು. ಪ್ರತಿಯೊಂದರ ಮೇಲೂ ಹೆಬ್ಬೆರಳು ಸವರಿ ನೋಡುತ್ತೇನೆ. ಪ್ರೈಮರ್ ಕೂರುವ ಗುಳಿಯಲ್ಲಿ ಹಳೆಯ ಮಸಿ ಉಳಿದಿದ್ದರೆ ಈ ಸ್ಪರ್ಶ ಸಿಗುವುದೇ ಇಲ್ಲ. ಅದಕ್ಕೇ ಮೊದಲು ಗುಳಿಯನ್ನು ಕೆರೆದು ಸ್ವಚ್ಛ ಮಾಡುತ್ತೇನೆ. ಹೀಗೆ ಕೂರಿಸತೊಡಗಿದ ಮೇಲೆ ಒಂದೂ ಕೈಕೊಟ್ಟಿಲ್ಲ.

210ಎಂಗೆ ಹಗುರ ಏಟಿಗೂ ಸಿಡಿಯುವ ಸೂಕ್ಷ್ಮ ಪ್ರೈಮರ್ ಎಂಬ ಹೆಸರಿದೆ. ನನ್ನ ಬೋಲ್ಟ್ ರೈಫಲ್‌ಗೆ ಅದು ವರ. ಫೈರಿಂಗ್ ಪಿನ್ ಸಡಿಲವಾಗಿ ಓಡಾಡುವ ಸೆಮಿ ಆಟೋಮ್ಯಾಟಿಕ್ ರೈಫಲ್ ಇರುವವರು ಮಾತ್ರ ಅದಕ್ಕೆಂದೇ ತಯಾರಾದ ಸಿಸಿಐ 34ರಂಥದ್ದನ್ನು ನೋಡುವುದು ಕ್ಷೇಮ. ಪೆಟ್ಟಿಗೆ ದೊಡ್ಡದಾಗಿರುವುದಕ್ಕೂ ಕಾರಣವಿದೆ, ಪ್ರೈಮರ್‌ಗಳು ಒಂದಕ್ಕೊಂದು ತಗಲದಂತೆ ದೂರ ದೂರ ಇಟ್ಟಿರುತ್ತಾರೆ. ಅವನ್ನು ಡಬ್ಬಿಗೆ ಸುರಿದಿಡುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ. ಒಂದು ಸಿಡಿದರೆ ಎಲ್ಲವೂ ಸಿಡಿಯುತ್ತವೆ. ಕೂರಿಸುವಾಗ ಕನ್ನಡಕ ಕಡ್ಡಾಯ.

ಯಾವ ಕಂಪನಿಯದಾದರೂ ಲಾಟ್, ಅಂದರೆ ಒಟ್ಟಿಗೆ ತಯಾರಾದ ಕಂತು, ಬದಲಾದರೆ ಮತ್ತೆ ಅಳೆಯಬೇಕು. ಆದ್ದರಿಂದ ಒಂದೇ ಲಾಟಿನ ಸಾವಿರವನ್ನು ಒಟ್ಟಿಗೆ ಕೊಳ್ಳುತ್ತೇನೆ. ಈಗಿನ ಲಾಟಿನಲ್ಲಿ ಇನ್ನು 300 ಉಳಿದಿವೆ. ಪೆಟ್ಟಿಗೆಯ ಮೇಲೆ ಲಾಟ್ ಸಂಖ್ಯೆಯ ಪಕ್ಕದಲ್ಲೇ ಅಳೆದ ದಿನದ ವೇಗದ ಸರಾಸರಿಯನ್ನು ಬರೆದಿಟ್ಟಿದ್ದೇನೆ.