ನಾಲ್ಕು ಮಳೆಗಾಲ ಕಂಡ ನನ್ನ ಆಕ್ಟಾ ಸಾಫ್ಟ್‌ಬಾಕ್ಸ್

ಸಾಫ್ಟ್‌ಬಾಕ್ಸ್ ಅಂದರೆ ಫೋಟೋದ ಲೈಟಿನ ಮುಂದೆ ಸಿಕ್ಕಿಸಿ ಬೆಳಕನ್ನು ಮೆತ್ತಗೆ ಮಾಡುವ ಬಟ್ಟೆಯ ಗೂಡು. ನನ್ನದು 2021ರ ಕೊನೆಗೆ ತರಿಸಿದ್ದು. ಎಂಟು ಮೂಲೆ, 90 ಸೆಂಟಿಮೀಟರ್ ಅಗಲ, ಲೈಟಿಗೆ ಸಿಕ್ಕಿಸಲು ಬೋವೆನ್ಸ್ ಮೌಂಟ್ ಅನ್ನುವ ಬಳೆ, ಕೊಡೆಯ ಹಾಗೆ ಬಿಚ್ಚುತ್ತದೆ. ಒಳಗೊಂದು ಬಿಳಿ ಬಟ್ಟೆ, ಹೊರಗೊಂದು, ಅದರ ಮೇಲೆ ಬೆಳಕು ಬದಿಗೆ ಚೆಲ್ಲದ ಹಾಗೆ ತಡೆಯುವ ಚೌಕ ಚೌಕದ ಗ್ರಿಡ್. 60 ವ್ಯಾಟ್‌ನ ಎಲ್ಇಡಿ ಲೈಟಿಗೆ ಸಿಕ್ಕಿಸಿ ಬಳಸುತ್ತೇನೆ. ಕಾಸರಗೋಡಿನ ಬದಿಯಡ್ಕ, ಕುಂಬಳೆ, ಮುಳ್ಳೇರಿಯ ಕಡೆಯ ಮದುವೆ, ಉಪನಯನ, ಯಕ್ಷಗಾನ ಆಟದ ಚೌಕಿ (ವೇಷ ಕಟ್ಟುವ ಜಾಗ) ಎಲ್ಲ ಕಡೆಗೂ ಹೊತ್ತುಕೊಂಡು ಹೋಗಿದ್ದೇನೆ. ಕಂಪೆನಿಯ ಹೆಸರು ಬರೆಯುವುದಿಲ್ಲ.

ಮೊದಲ ಆರು ತಿಂಗಳು ಬಳಸಿದ ರೀತಿಯೇ ತಪ್ಪು. ಬಟ್ಟೆ ಇದೆಯಲ್ಲ, ಬೆಳಕು ತಾನಾಗಿ ಮೆತ್ತಗಾಗುತ್ತದೆ ಅಂತ ಮೂರು ಮೀಟರ್ ದೂರ ಇಡುತ್ತಿದ್ದೆ. ಮೂಗಿನ ನೆರಳು ಗಡುಸಾಗಿಯೇ ಬೀಳುತ್ತಿತ್ತು. ಕೂತವರ ಕಣ್ಣಿಗೆ ಲೈಟು ಎಷ್ಟು ದೊಡ್ಡದಾಗಿ ಕಾಣುತ್ತದೆ, ನೆರಳು ಅಷ್ಟು ಮೆತ್ತಗೆ. ಸೂರ್ಯ ಅಷ್ಟು ದೊಡ್ಡವನಾದರೂ ನಮಗೆ ಕಾಣುವುದು ಅರ್ಧ ಡಿಗ್ರಿಯಷ್ಟು ಮಾತ್ರ, ಹಾಗಾಗಿ ಬಿಸಿಲಿನ ನೆರಳು ಕತ್ತರಿಸಿದ ಹಾಗಿರುತ್ತದೆ. ಆಟಿ ತಿಂಗಳಲ್ಲಿ ಮೋಡ ಕವಿದಾಗ ನೋಡಿ, ಇಡೀ ಆಕಾಶವೇ ಲೈಟು, ಅಂಗಳದಲ್ಲಿ ನೆರಳೇ ಇಲ್ಲ.

ಕಳೆದ ವರ್ಷ ಯಕ್ಷಗಾನದ ಒಂದು ಬಣ್ಣದ ವೇಷದ (ರಾಕ್ಷಸ ಪಾತ್ರದ) ಫೋಟೋ ತೆಗೆದೆ. ಮುಖದ ತುಂಬ ಅಕ್ಕಿ ಹಿಟ್ಟಿನ ಬಿಳಿ ಚುಟ್ಟಿ, ಮುಳ್ಳು ಮುಳ್ಳಾಗಿ. ಲೈಟನ್ನು ಎದುರಿಗೆ ಇಟ್ಟರೆ ಮುಳ್ಳೆಲ್ಲ ಚಪ್ಪಟೆ, ಕಾಗದ ಅಂಟಿಸಿದ ಹಾಗೆ. ಬದಿಗೆ ತಂದು ಒಂದು ಮೀಟರಿಗೆ ಇಟ್ಟೆ. ಒಂದೊಂದು ಮುಳ್ಳಿಗೂ ಸಣ್ಣ ನೆರಳು ಬಂತು, ಅಂಚು ಮೆತ್ತಗೆ. ಆದರೆ ಲೈಟಿನ ಕಡೆಯ ಕೆನ್ನೆ ಪೂರ್ತಿ ಬಿಳುಚಿಹೋಯಿತು, ಪವರ್ ಇಳಿಸಿದರೆ ಆಚೆ ಕೆನ್ನೆ ಕಪ್ಪು. ಆಮೇಲೆ ಗ್ರಿಡ್ ತೆಗೆದು, ಬಾಕ್ಸನ್ನು ಅವರ ಮುಖದಿಂದ ಸ್ವಲ್ಪ ಆಚೆಗೆ, ಮುಂದಿನ ಖಾಲಿ ಜಾಗಕ್ಕೆ ತಿರುಗಿಸಿದೆ. ನಡುವಿನ ಜೋರು ಬೆಳಕು ಮುಂದೆ ಹೋಯಿತು, ಮುಖಕ್ಕೆ ಬಿದ್ದದ್ದು ಅಂಚಿನ ಬೆಳಕು. ಎರಡೂ ಕೆನ್ನೆ ಹತ್ತಿರ ಹತ್ತಿರ ಬಂದವು. "ಇವತ್ತು ಲೈಟು ಕಣ್ಣಿಗೆ ಕುತ್ತುವುದಿಲ್ಲ ಮಾರಾಯ" ಅಂದರು ವೇಷಧಾರಿ. ಆ ಫೋಟೋ ನನಗೆ ತುಂಬಾ ಇಷ್ಟ.

ಗ್ರೂಪ್ ಫೋಟೋದ ಕಥೆ ಬೇರೆ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಯಾಕೆಂದರೆ ಅದೇ ಬೆಳಕು ಅಗಲಕ್ಕೂ ಎರಡರಷ್ಟು, ಎತ್ತರಕ್ಕೂ ಎರಡರಷ್ಟು ಹರಡಬೇಕಲ್ವಾ. (ಬಾಕ್ಸ್ ತೀರಾ ಹತ್ತಿರ ಇದ್ದಾಗ ಮಾತ್ರ ಇಷ್ಟು ಬೇಗ ಇಳಿಯುವುದಿಲ್ಲ.) ಒಂದು ಮದುವೆ ಮನೆಯ ಅಂಗಳದಲ್ಲಿ ಮುಂದಿನ ಸಾಲು ಲೈಟಿಗೆ 2 ಮೀಟರ್, ಹಿಂದಿನ ಸಾಲು 3 ಮೀಟರ್. ಮುಂದೆ ಕೂತ ಮಕ್ಕಳು ಹೊಳೆಯುತ್ತಿದ್ದರು, ಹಿಂದೆ ನಿಂತ ಅಜ್ಜನ ಮುಖಕ್ಕೆ ಅದರ ಅರ್ಧ ಬೆಳಕೂ ಇಲ್ಲ. ಲೈಟನ್ನು ಇನ್ನೂ 3 ಮೀಟರ್ ಹಿಂದಕ್ಕೆ ಒಯ್ದು ಎತ್ತರ ಮಾಡಿದೆ. 5 ಮತ್ತು 6 ಆದಾಗ ವ್ಯತ್ಯಾಸ ಅರ್ಧ ಸ್ಟಾಪ್‌ನಷ್ಟೇ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು). ಬೆಳಕು ಕಡಿಮೆಯಾದ ಕಾರಣ ಕ್ಯಾಮರಾದ ಐಎಸ್ಒ (ಬೆಳಕಿನ ಸೂಕ್ಷ್ಮತೆ) 400ರಿಂದ 2500ಕ್ಕೆ ಹೋಯಿತು, ನೆರಳೂ ಗಡುಸಾಯಿತು. ಹೋಗಲಿ, ಅಜ್ಜನ ಮುಖ ಕಂಡಿತು. ಇಂಥ ಕೆಲಸಕ್ಕೆ 90 ಸಾಲುವುದಿಲ್ಲ, 120 ಬೇಕು.

ಗ್ರಿಡ್ ಬಗ್ಗೆ ಒಂದು ಮಾತು. ನಮ್ಮ ಹಳೆಯ ಮನೆಗಳ ಚಾವಡಿಯಲ್ಲಿ ಕೆಂಪು ನೆಲ, ಹಸಿರು ಗೋಡೆ. ಗ್ರಿಡ್ ಇಲ್ಲದಿದ್ದರೆ ಬೆಳಕು ಎಲ್ಲ ಕಡೆ ಚೆಲ್ಲಿ, ನೆಲಕ್ಕೆ ಬಡಿದು ಗದ್ದದ ಕೆಳಗೆ ಕೆಂಪಾಗಿ ಏರುತ್ತದೆ. ಕಂಪ್ಯೂಟರಿನಲ್ಲಿ ಅದನ್ನು ತೆಗೆಯುವುದು ದೊಡ್ಡ ತಲೆಬಿಸಿ. ಈಗ ಚಾವಡಿಗೆ ಗ್ರಿಡ್ ಖಾಯಂ, ಜೊತೆಗೆ ನೆಲಕ್ಕೊಂದು ಬಿಳಿ ವೇಷ್ಟಿ ಹಾಸುತ್ತೇನೆ.

ಕೆಟ್ಟದ್ದೂ ಹೇಳಬೇಕು. ಎರಡನೇ ಮಳೆಗಾಲದಲ್ಲಿ ಹೊರಗಿನ ಬಟ್ಟೆಗೆ ಬೂಸ್ಟು ಹಿಡಿದು ಕಪ್ಪು ಚುಕ್ಕೆ ಬಂತು, ತೊಳೆದರೂ ಹೋಗಲಿಲ್ಲ. ಬಟ್ಟೆ ಹಳದಿಯಾಗಿದೆ, ಹಾಗಾಗಿ ಬಿಳಿ ಬಿಳಿಯಾಗಿಯೇ ಕಾಣುವ ಹಾಗೆ ಪ್ರತಿ ಸಲ ಕ್ಯಾಮರಾದ ವೈಟ್ ಬ್ಯಾಲೆನ್ಸ್ ಹೊಸದಾಗಿ ಇಡಬೇಕು. ಒಂದು ಕಡ್ಡಿ ತುದಿಯ ಬಟ್ಟೆ ಹರಿದು ಹೊರಬಂತು, ಟೈಲರ್ ಹತ್ತಿರ ದಪ್ಪ ನೂಲಿನಲ್ಲಿ ಹೊಲಿಸಿದೆ, ಗಟ್ಟಿಯಾಗಿದೆ. ಬಿಡಿ ಬಟ್ಟೆ ಕೇಳಿ ಮಾರಿದವರಿಗೆ ಮೂರು ಸಲ ಬರೆದೆ, ಉತ್ತರವೇ ಇಲ್ಲ. ಬೇಕಲ ಕೋಟೆಯ ಹತ್ತಿರ ಕಡಲ ಗಾಳಿಗೆ ಸ್ಟ್ಯಾಂಡ್ ಸಮೇತ ಮಗುಚಿತ್ತು, ಆವತ್ತಿನಿಂದ ಎರಡು ಚೀಲ ಹೊಯಿಗೆ ಕಟ್ಟದೆ ಹೊರಗೆ ನಿಲ್ಲಿಸುವುದಿಲ್ಲ.

ಒಬ್ಬರು, ಇಬ್ಬರು, ಹೆಚ್ಚೆಂದರೆ ಮೂವರ ಫೋಟೋ ತೆಗೆಯುವವರು ಧೈರ್ಯವಾಗಿ ತಗೊಳ್ಳಿ. ತಗೊಳ್ಳುವ ಮೊದಲು ಒಳಗಿನ ಬಟ್ಟೆ ಇದೆಯಾ ಅಂತ ಕೇಳಿ, ಅದಿಲ್ಲದಿದ್ದರೆ ನಡುವೆ ಬಿಳಿ ಚುಕ್ಕೆಯ ಹಾಗೆ ಜೋರು ಬೆಳಕು ನಿಲ್ಲುತ್ತದೆ. ಮಳೆಗಾಲದಲ್ಲಿ ಚೀಲದೊಳಗೆ ಮಡಚಿ ಇಡಬೇಡಿ, ಬಿಚ್ಚಿ ಅಟ್ಟದಲ್ಲಿ ನೇತು ಹಾಕಿ.